ಬೂರುಗದ ಕೆಂಪು ಫೋನಿನಲ್ಲಿ ಯಾಕೆ ಕೆಡುತ್ತೆ? ದೆಹಲಿಯ ಪಾರ್ಕುಗಳು, ಮಾರ್ಚ್ ತಿಂಗಳು ಮತ್ತು ನಮ್ಮ ಕ್ಯಾಮೆರಾ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೊದಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ಸಲದ ಮಾತನ್ನೂ ಬರಹಕ್ಕೆ ಇಳಿಸಿದ್ದೀನಿ. ವಿಡಿಯೋದಲ್ಲಿ ಸ್ಕ್ರೀನ್ ಮೇಲೆ ಫೋಟೋ ತೋರಿಸ್ತಾ ಹೇಳಿದ್ದನ್ನು ಇಲ್ಲಿ ಮಾತಲ್ಲೇ ಬಿಡಿಸಿ ಹೇಳಬೇಕಾಯ್ತು, ಹಾಗಾಗಿ ಕೆಲವು ಕಡೆ ವಿಡಿಯೋಗಿಂತ ಉದ್ದವಾಗಿದೆ. ಒಂದೆರಡು ಕಡೆ ಲೆಕ್ಕ ಕೂಡ ಬರುತ್ತೆ. ನಮ್ಮ ಓದುಗರಲ್ಲಿ ಅರ್ಧಕ್ಕರ್ಧ ಜನ ದಿನಾ ಕೋಡ್ ಬರೆಯೋರೇ, ಹೆದರಲ್ಲ ಅಂದ್ಕೊಂಡಿದ್ದೀನಿ.

ವಿಷಯ ದೆಹಲಿಯ ವಸಂತ. ಬೆಂಗಳೂರಲ್ಲಿ ಬೆಳೆದವರಿಗೆ ಹೂ ಬಿಡೋ ಮರ ಹೊಸದೇನಲ್ಲ. ಕಬ್ಬನ್ ಪಾರ್ಕಿನ ಟಬೆಬುಯಾ ನೋಡಿದ ಕಣ್ಣು ನಮ್ಮದು. ಆದರೆ ಬೆಂಗಳೂರಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂವಲ್ಲಿರುತ್ತೆ. ಅಲ್ಲಿ ತೋಟಗಾರಿಕೆ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಬಿಡಬೇಕು ಅಂತ ಯೋಚನೆ ಮಾಡಿಯೇ ಮರ ಆರಿಸಿದರು. ದೆಹಲಿ ಹಾಗಲ್ಲ. ಇಲ್ಲಿ ಜನವರಿಯಲ್ಲಿ ಮಂಜು, ಸ್ವೆಟರ್. ಏಪ್ರಿಲ್ ಮಧ್ಯಕ್ಕೆ ಮಧ್ಯಾಹ್ನ ಹೊರಗೆ ಕಾಲಿಡೋಕಾಗದ ಬಿಸಿಲು. ನಡುವೆ ಸಿಗೋದು ಐದಾರು ವಾರ. ಶನಿವಾರ ಭಾನುವಾರ ಮಾತ್ರ ಬಿಡುವಿರೋ ನಮ್ಮಂಥವರಿಗೆ ಅಂದ್ರೆ ಹತ್ತು ಹನ್ನೆರಡು ಬೆಳಗು, ಅದರಲ್ಲೂ ಒಂದೆರಡು ರಿಲೀಸ್‌ಗೆ ಹೋಗುತ್ತೆ.

ಆ ವಾರಗಳೂ ಈಗ ನಂಬಿಕೆಗೆ ಅರ್ಹವಾಗಿಲ್ಲ. 2022ರ ಮಾರ್ಚ್ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ, 1901ರಿಂದ ಹವಾಮಾನ ಇಲಾಖೆ ಇಟ್ಟಿರೋ ದೇಶದ ದಾಖಲೆಯಲ್ಲೇ ಅತಿ ಹೆಚ್ಚು. ಮರುವರ್ಷ, 2023ರಲ್ಲಿ, ಫೆಬ್ರವರಿಗೆ ಅದೇ ಪಟ್ಟ ಸಿಕ್ಕಿತು. ಬಿಸಿಲು ಹೀಗೆ ಒಂದೇ ಸಮ ಏರಿದರೆ ಹೂ ಬೇಗ ಉದುರುತ್ತೆ. ಹಾಗಾಗಿ ‘ಮುಂದಿನ ವಾರ ಹೋದರಾಯ್ತು’ ಅನ್ನೋ ಮಾತು ಈ ವಿಷಯದಲ್ಲಿ ನಡೆಯಲ್ಲ.

ಯಾವಾಗ ಏನು ಸಿಗುತ್ತೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಫೆಬ್ರವರಿ ಮಧ್ಯದಿಂದ ಕಚ್ನಾರ್, ನಮ್ಮ ಕಡೆ ಮಂದಾರ ಅಂತಾರಲ್ಲ ಆ ಜಾತಿ, ಗುಲಾಬಿ-ನೇರಳೆ ಹೂವು, ಒಂಟೆಯ ಗೊರಸಿನ ಹಾಗಿರೋ ಎಲೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಸೆಮಲ್, ಅಂದ್ರೆ ನಮ್ಮ ಕೆಂಪು ಬೂರುಗ. ಮಾರ್ಚ್ ಪೂರ್ತಿ ಚಿಗುರಿನ ಕಾಲ: ಪಿಲ್ಖನ್ ಅಂದ್ರೆ ಬಸರಿ, ಪೀಪಲ್ ಅಂದ್ರೆ ಅರಳಿ, ಆಮೇಲೆ ಬೇವು. ಏಪ್ರಿಲ್‌ನಲ್ಲಿ ಜಕರಂಡ. ಮೇ ತಿಂಗಳಿಗೆ ಅಮಲ್ತಾಸ್, ನಮ್ಮ ಕಕ್ಕೆ. ಅದು ವಸಂತವಲ್ಲ, ಬೇಸಿಗೆ, ಅದರ ಮಾತು ಬೇರೆ ದಿನ. ಪಾತಿಗಳಲ್ಲಿರೋ ಪಾಪಿ, ಪ್ಯಾನ್ಸಿ, ಶಾಂತಿಪಥದ ಟ್ಯೂಲಿಪ್ ಇವೆಲ್ಲ ಫೆಬ್ರವರಿಯಲ್ಲಿ ಚೆನ್ನಾಗಿರುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳಲ್ಲ. ಅವುಗಳ ಫೋಟೋ ತೆಗೆಯೋಕೆ ಸರದಿ ನಿಂತಿರೋ ಜನರೇ ಎಲ್ಲ ಹೇಳಿಕೊಡ್ತಾರೆ. ಮರಗಳನ್ನು ಗುರುತಿಸೋಕೆ ಕಷ್ಟ ಆದರೆ ಪ್ರದೀಪ್ ಕ್ರಿಷನ್ ಅವರ ‘ಟ್ರೀಸ್ ಆಫ್ ಡೆಲ್ಲಿ’ ಪುಸ್ತಕ ತಗೊಳ್ಳಿ, 2006ರದ್ದು. ದೆಹಲಿಗೆ ಬಂದು ನೆಲೆಸುವ ಎಲ್ಲರಿಗೂ ಬಾಡಿಗೆ ಅಗ್ರಿಮೆಂಟ್ ಜೊತೆಗೇ ಅದನ್ನು ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ಬೂರುಗಕ್ಕೆ ಬರೋಣ. ನಮ್ಮ ಆಫೀಸಿನಲ್ಲಿ ಹುಬ್ಬಳ್ಳಿಯ ಹುಡುಗ ಒಬ್ಬ ಇದ್ದಾನೆ, ಹೊಸದಾಗಿ ಬಂದವನು. ಹೋದ ವರ್ಷ ಲೋಧಿ ಗಾರ್ಡನ್‌ನಲ್ಲಿ ಬೂರುಗದ ಫೋಟೋ ತೆಗೆದು ಊರಿಗೆ ಕಳಿಸಿದ. ಅವರಮ್ಮ ತಿರುಗಿ ಫೋನ್ ಮಾಡಿ ಕೇಳಿದ್ದು: ‘ಇದೇನಪಾ, ಗಿಡಕ್ಕ ಟೊಮ್ಯಾಟಿ ಹತ್ಯಾವೇನು?’ ನಾವೆಲ್ಲ ನಕ್ಕೆವು. ಆದರೆ ಆ ತಾಯಿ ಬೂರುಗದ ಹತ್ತಿಯ ದಿಂಬು ಹೊಲಿದವರು, ಬೂರುಗದ ಹೂ ಕಂಡರಿಯದವರಲ್ಲ. ಫೋಟೋದಲ್ಲಿ ಹೂವಿರಲಿಲ್ಲ. ಕಿತ್ತಳೆಗೆ ತಿರುಗಿದ ಕೆಂಪು ಮುದ್ದೆಗಳಿದ್ದವು. ಎಸಳಿಲ್ಲ, ಕೇಸರವಿಲ್ಲ, ಎಸಳಿನ ಮಡಿಕೆಯ ನೆರಳಿಲ್ಲ. ಫೋನೇನೂ ಅಗ್ಗದ್ದಲ್ಲ, ಎರಡು ತಿಂಗಳ ಬಾಡಿಗೆಯಷ್ಟರದ್ದು.

ಯಾಕೆ ಹಾಗಾಯ್ತು? ಕ್ಯಾಮೆರಾ ಒಂದು ದೃಶ್ಯ ಎಷ್ಟು ಬೆಳಕಾಗಿದೆ ಅಂತ ಅಳೆಯುವಾಗ ಕೆಂಪು, ಹಸಿರು, ನೀಲಿ ಮೂರಕ್ಕೂ ಸಮ ತೂಕ ಕೊಡಲ್ಲ. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುತ್ತೆ, ಅದಕ್ಕೆ ತಕ್ಕ ಹಾಗೆ ಹಸಿರಿಗೆ ಸುಮಾರು ನೂರಕ್ಕೆ 72, ಕೆಂಪಿಗೆ 21, ನೀಲಿಗೆ 7 ಅನ್ನೋ ತೂಕದಲ್ಲಿ ಪ್ರಕಾಶದ ಲೆಕ್ಕ ನಡೆಯುತ್ತೆ. ಸೆನ್ಸರ್‌ನಲ್ಲೂ ಅಷ್ಟೇ, ಸಾಮಾನ್ಯ ಬೇಯರ್ ಜೋಡಣೆಯಲ್ಲಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಈಗ ಬಿಸಿಲಲ್ಲಿರೋ ಬೂರುಗದ ಎಸಳು ತಗೊಳ್ಳಿ. ಕೆಂಪು 250, ಹಸಿರು 30, ನೀಲಿ 25 ಅಂತಿಟ್ಟುಕೊಳ್ಳಿ, ಗರಿಷ್ಠ 255. ಗ್ಯಾಮಾ ವಿಚಾರ ಸದ್ಯಕ್ಕೆ ಬಿಡಿ, ಲೆಕ್ಕ ಸರಳ ಇರಲಿ. ತೂಕ ಹಾಕಿ ಕೂಡಿದರೆ ಪ್ರಕಾಶ ಸುಮಾರು 76. ಅಂದ್ರೆ ಕೆಂಪು ತುಂಬಿ ತುಳುಕೋ ಮಟ್ಟಕ್ಕೆ ಬಂದಿದೆ, ಆದರೆ ಮೀಟರ್ ಪ್ರಕಾರ ಈ ಜಾಗ ಕತ್ತಲು! ಪಾಪ ಫೋನು, ಕತ್ತಲಿದೆಯಲ್ಲ ಅಂತ ಬೆಳಕು ಏರಿಸುತ್ತೆ.

ಏರಿಸಿದಾಗ ಆಗೋದು ಇದು. ಎಸಳಿನ ಒಂದು ಕಡೆ ಕೆಂಪು 190, ಇನ್ನೊಂದು ಕಡೆ 215, ಅಂಚಿನಲ್ಲಿ 250 ಇತ್ತು. ಈ ವ್ಯತ್ಯಾಸವೇ ನಮಗೆ ಎಸಳಿನ ಉಬ್ಬು ತಗ್ಗಾಗಿ ಕಾಣೋದು. ಬೆಳಕು ಒಂದೂವರೆ ಪಟ್ಟಾದರೆ 285, 322, 375 ಆಗಬೇಕು. ಆದರೆ ಜಾಗ ಇರೋದು 255ರ ತನಕ ಮಾತ್ರ. ಮೂರೂ 255 ಆಗಿ ಕೂತುಬಿಡ್ತವೆ, ಎಸಳು ಸಪಾಟಾಗುತ್ತೆ. ಅಷ್ಟಕ್ಕೇ ನಿಲ್ಲಲ್ಲ. ಕೆಂಪು ಗೋಡೆಗೆ ತಾಗಿ ನಿಂತಿದ್ದರೂ ಹಸಿರು 30ರಿಂದ 45ಕ್ಕೆ ಏರಿರುತ್ತೆ. ಕೆಂಪಿಗೂ ಹಸಿರಿಗೂ ಇದ್ದ ಅನುಪಾತ ಬದಲಾಯ್ತು, ಬಣ್ಣ ಕಿತ್ತಳೆ ಕಡೆ ವಾಲಿತು. ಟೊಮೆಟೊ ಹುಟ್ಟೋದು ಹೀಗೆ. ಆಮೇಲೆ ಎಡಿಟಿಂಗ್‌ನಲ್ಲಿ ಎಷ್ಟು ತಿಣುಕಿದರೂ ಆ ಮಡಿಕೆ ವಾಪಸ್ ಬರಲ್ಲ, ಯಾಕಂದ್ರೆ ಮೂರು ಸಂಖ್ಯೆಯೂ ಒಂದೇ ಆಗಿದೆ. ಇದ್ದದ್ದನ್ನು ಮಬ್ಬು ಮಾಡಬಹುದು, ಇಲ್ಲದ್ದನ್ನು ತರೋದು ಹೇಗೆ?

ಪರಿಹಾರ ತೀರಾ ಸಣ್ಣದು. ಫೋನಲ್ಲಿ ಹೂವಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಸ್ಕ್ರೀನ್ ಮೇಲೆ ‘ಅಯ್ಯೋ ಸ್ವಲ್ಪ ಕಪ್ಪಾಯ್ತು’ ಅನ್ನಿಸೋವರೆಗೆ. ಕ್ಯಾಮೆರಾ ಇದ್ದರೆ ಎಕ್ಸ್‌ಪೋಶರ್ ಕಾಂಪನ್ಸೇಶನ್ ಮೈನಸ್ 0.7ರಿಂದ ಮೈನಸ್ 1.3ರ ನಡುವೆ. ಮೈನಸ್ 1 ಅಂದ್ರೆ ಬೆಳಕು ಅರ್ಧ. ಹಿಸ್ಟೋಗ್ರಾಮ್ ನೋಡೋ ಅಭ್ಯಾಸ ಇರೋರು ಮೂರು ಬಣ್ಣ ಬೇರೆ ಬೇರೆ ತೋರಿಸೋದನ್ನೇ ನೋಡಿ. ಒಂದೇ ಬಿಳಿ ಗ್ರಾಫ್ ತೋರಿಸೋದು ಬರೀ ಪ್ರಕಾಶದ್ದಾಗಿದ್ದರೆ ಅದು ಮೇಲೆ ಹೇಳಿದ 76ರ ಲೆಕ್ಕವನ್ನೇ ಹೇಳುತ್ತೆ, ‘ಎಲ್ಲ ಸರಿಯಿದೆ’ ಅಂತ ಸುಳ್ಳು ಸಮಾಧಾನ. ಫೋನಲ್ಲಿ ‘ವಿವಿಡ್’ ಅಥವಾ ಹೂ ಕಂಡ ಕೂಡಲೇ ತಾನಾಗಿ ಬಣ್ಣ ಹೆಚ್ಚಿಸೋ ಸೀನ್ ಮೋಡ್ ಇದ್ದರೆ ಆಫ್ ಮಾಡಿ. ಬೂರುಗಕ್ಕೆ ಬಣ್ಣ ಕಡಿಮೆಯಾಗಿದೆ ಅಂತ ಯಾರೂ ದೂರು ಕೊಟ್ಟಿಲ್ಲ. ‘ರಾ’ ಫೈಲ್ ತೆಗೆಯೋ ಸೌಲಭ್ಯ ಇದ್ದರೆ ಕೆಂಪು ಹೂವಿಗಾದರೂ ಬಳಸಿ, ಜೆಪೆಗ್‌ನಲ್ಲಿ ಹೋದ ಸ್ವಲ್ಪ ವಿವರ ಅದರಲ್ಲಿ ಉಳಿದಿರುತ್ತೆ. ಹಾಗಂತ ಅದು ಸಂಜೀವಿನಿಯಲ್ಲ, ಸೆನ್ಸರ್‌ನಲ್ಲೇ ತುಂಬಿಹೋದದ್ದು ಅಲ್ಲೂ ಇರಲ್ಲ.

ಇದೇ ಕಾಯಿಲೆ ಮುತ್ತುಗಕ್ಕೂ, ದಾಸವಾಳಕ್ಕೂ, ಗುಲ್‌ಮೊಹರ್‌ಗೂ ಇದೆ. ಹಳದಿ ಹೂವಿಗೆ ಅಷ್ಟಾಗಿ ಇಲ್ಲ, ಯಾಕಂದ್ರೆ ಹಳದಿಯಲ್ಲಿ ಹಸಿರಿನ ಪಾಲು ದೊಡ್ಡದು, ಮೀಟರ್‌ಗೆ ಅದು ಕಾಣುತ್ತೆ.

ಬೂರುಗದ ಎರಡನೇ ತೊಂದರೆ ಎತ್ತರ. ಚೆನ್ನಾಗಿ ಬೆಳೆದ ಮರ 25 ಮೀಟರ್ ಸುಲಭವಾಗಿ ದಾಟುತ್ತೆ, ಎಲೆಯೆಲ್ಲ ಉದುರಿ ಬರೀ ಕೊಂಬೆಯ ಮೇಲೆ ಹೂ. ಹೂವಿನ ಬಟ್ಟಲು ಆಕಾಶದ ಕಡೆ ತೆರೆದಿರುತ್ತೆ, ನಾವು ಕೆಳಗಿನಿಂದ ನೋಡೋದು ಅದರ ಬೆನ್ನು. ಹಿಂದೆ ದೆಹಲಿಯ ಮಬ್ಬು ಬಿಳಿ ಆಕಾಶ. ಆ ಬಿಳಿ ಇದ್ದರೆ ಮೇಲೆ ಹೇಳಿದ್ದರ ಉಲ್ಟಾ ಆಗುತ್ತೆ: ಫೋನು ಆಕಾಶ ನೋಡಿ ಬೆಳಕು ಇಳಿಸುತ್ತೆ, ಹೂ ಕರ್ರಗಾಗುತ್ತೆ. ಅದಕ್ಕೆ ನನ್ನ ಮೊದಲ ಸಲಹೆ, ಬೂರುಗವನ್ನು ಕೆಳಗಿನಿಂದ ತೆಗೆಯೋ ಹಟ ಬಿಡಿ. ಪಾದಚಾರಿ ಮೇಲ್ಸೇತುವೆ, ಎತ್ತರದ ಮೆಟ್ರೊ ಪ್ಲಾಟ್‌ಫಾರ್ಮ್, ಸ್ನೇಹಿತರ ಮನೆಯ ಮೂರನೇ ಮಹಡಿ ಬಾಲ್ಕನಿ, ಇವುಗಳಿಂದ ಬಟ್ಟಲಿನ ಒಳಗು ಕಾಣುತ್ತೆ, ಗೊಂಚಲು ಗೊಂಚಲಾಗಿರೋ ಕೇಸರ ಕಾಣುತ್ತೆ. ಹಕ್ಕಿಗಳೂ ಅಲ್ಲೇ. ಮಕರಂದ ಕುಡಿಯೋಕೆ ಮೈನಾ, ಕಾಗೆ, ಪಿಕಳಾರ, ಸೂರಕ್ಕಿ ಎಲ್ಲ ಬಂದು ಜಗಳ ಆಡ್ತಿರ್ತವೆ. ಹಕ್ಕಿ ಬೇಕಾದರೆ ಶಟರ್ ಸೆಕೆಂಡಿನ 1000ದಲ್ಲಿ ಒಂದು ಭಾಗಕ್ಕೆ ಇಡಿ.

ಮೇಲಕ್ಕೆ ಹೋಗೋಕೆ ಆಗಲ್ವಾ? ನೆಲ ನೋಡಿ. ಬೂರುಗ ಹೂ ಎಸಳು ಎಸಳಾಗಿ ಉದುರೋದಕ್ಕಿಂತ ಹೆಚ್ಚಾಗಿ ಇಡಿಯಾಗಿ ಧೊಪ್ಪಂತ ಬೀಳುತ್ತೆ, ಅಂಗೈ ಅಗಲ. ಬೆಳಿಗ್ಗೆ ಗುಡಿಸೋರು ಬರೋ ಮುಂಚೆ ಹೋದರೆ ಹುಲ್ಲಿನ ಮೇಲೆ ನಲವತ್ತೈವತ್ತು ಹೂ ಬಿದ್ದಿರುತ್ತವೆ. ಮಂಡಿಯೂರಿ, ಫೋನನ್ನು ತಲೆಕೆಳಗೆ ಹಿಡಿದು ಲೆನ್ಸ್ ನೆಲಕ್ಕೆ ಹತ್ತಿರ ಬರೋ ಹಾಗೆ ಮಾಡಿ. ಹತ್ತಿರದ ಹೂ ದೊಡ್ಡದಾಗಿ, ದೂರದವು ಚುಕ್ಕಿಗಳಾಗಿ, ಕೊನೆಯಲ್ಲಿ ಬೂರುಗದ ಬುಡದ ಆನೆಕಾಲಿನಂಥ ಬೇರು. ಇದಕ್ಕೆ ಟೆಲಿ ಬೇಡ, ಜೂಮ್ ಬೇಡ, ಜನರೂ ಅಡ್ಡ ಬರಲ್ಲ.

ಇಲ್ಲಾಂದ್ರೆ ಆಕಾಶದ ಬದಲು ಕಲ್ಲನ್ನು ಹಿನ್ನೆಲೆ ಮಾಡಿಕೊಳ್ಳಿ. ಲೋಧಿ ಗಾರ್ಡನ್‌ನ ಭಾಗ್ಯ ಅದೇ. 1936ರಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಅನ್ನೋ ಹೆಸರಲ್ಲಿ ತೆರೆದ ಈ ತೋಟ, 15 ಮತ್ತು 16ನೇ ಶತಮಾನದ ಸಮಾಧಿಗಳ ಸುತ್ತ ಕಟ್ಟಿದ್ದು. 1968ರಲ್ಲಿ ಜೋಸೆಫ್ ಸ್ಟೈನ್ ಮತ್ತು ಗ್ಯಾರೆಟ್ ಎಕ್ಬೊ ಇದಕ್ಕೆ ಹೊಸ ವಿನ್ಯಾಸ ಮಾಡಿದರು. ಮುಹಮ್ಮದ್ ಶಾ ಸಯ್ಯದನ ಸಮಾಧಿ 1444ರದ್ದು, ಸಿಕಂದರ್ ಲೋಧಿಯದ್ದು 1517ರದ್ದು. ಆ ಕಲ್ಲುಗಳ ಕಂದು-ಬೂದು ಬಣ್ಣ ಇದೆಯಲ್ಲ, ಅದು ಕ್ಯಾಮೆರಾ ಮೀಟರ್‌ಗೆ ಹೇಳಿ ಮಾಡಿಸಿದ ಹಾಗೆ, ಬಿಳಿಯೂ ಅಲ್ಲ ಕಪ್ಪೂ ಅಲ್ಲ. ಮರದಿಂದ ನಲವತ್ತು ಐವತ್ತು ಹೆಜ್ಜೆ ಹಿಂದೆ ಹೋಗಿ, ಹೂವಿರೋ ಕೊಂಬೆ ಗುಂಬದದ ಮುಂದೆ ಬರೋ ಹಾಗೆ ನಿಂತು, ಫೋನಿನ 3ಎಕ್ಸ್ ಲೆನ್ಸ್ ಬಳಸಿ. ದೂರ ಹೋಗಿ ಜೂಮ್ ಮಾಡಿದಷ್ಟೂ ಹಿಂದಿನ ಗುಂಬದ ಹೂವಿನ ಪಕ್ಕಕ್ಕೇ ಬಂದು ನಿಂತ ಹಾಗೆ ದೊಡ್ಡದಾಗಿ ಕಾಣುತ್ತೆ. ಹತ್ತಿರ ನಿಂತು ವೈಡ್ ಲೆನ್ಸ್‌ನಲ್ಲಿ ತೆಗೆದರೆ ಗುಂಬದ ಬೆಂಕಿಪೊಟ್ಟಣದಷ್ಟಾಗುತ್ತೆ. ನಿಮ್ಮ ಫೋನಲ್ಲಿ ನಿಜವಾದ ಟೆಲಿ ಲೆನ್ಸ್ ಎಷ್ಟರದ್ದು ಅಂತ ಒಮ್ಮೆ ತಿಳ್ಕೊಳ್ಳಿ. ಲೆನ್ಸ್ 3ಎಕ್ಸ್‌ನದ್ದಾದರೆ 10ಎಕ್ಸ್ ಅನ್ನೋದು ಬರೀ ಕತ್ತರಿಸಿ ಹಿಗ್ಗಿಸಿದ್ದು.

ಸೂರ್ಯ ಮಾರ್ಚ್ ಮೊದಲ ವಾರ ಸುಮಾರು 6:45ಕ್ಕೆ, ತಿಂಗಳ ಕೊನೆಗೆ 6:15ಕ್ಕೆ ಹುಟ್ತಾನೆ. ಮೊದಲ ಒಂದೂವರೆ ಗಂಟೆ ಬೆಲೆಬಾಳುವಂಥದ್ದು. ಹತ್ತಿರದ ಮೆಟ್ರೊ ಜೋರ್ ಬಾಗ್. ಭಾನುವಾರ ಮೊದಲ ಟ್ರೈನ್ ಎಷ್ಟಕ್ಕೆ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಟಿಕೆಟ್ ಇಲ್ಲ. ಟ್ರೈಪಾಡ್ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ, ಪುರಾತತ್ವ ಇಲಾಖೆಯ ಸ್ಮಾರಕಗಳ ಹತ್ತಿರ ಅದಕ್ಕೆ ಮೊದಲೇ ಅನುಮತಿ ಬೇಕು. ಇನ್ನೊಂದು ಮಾತು: ಅಲ್ಲಿ ವಾಕಿಂಗ್ ಬರೋ ಹಿರಿಯರು ದಶಕಗಳಿಂದ ಬರ್ತಿರೋರು. ದಾರಿ ಮಧ್ಯೆ ಮಲಗಿ ಫೋಟೋ ತೆಗೆಯೋನನ್ನ ಕಂಡರೆ ಅವರಿಗೆ ಆಗಲ್ಲ, ಅವರದ್ದು ಸರಿಯೇ. ನಮಸ್ತೆ ಅಂದು ಪಕ್ಕಕ್ಕೆ ಸರಿದರೆ, ಯಾವ ಮರ ಈ ವಾರ ಚೆನ್ನಾಗಿದೆ ಅಂತ ಅವರೇ ಕೈ ತೋರಿಸ್ತಾರೆ.

ಹೂವಿನ ಮಾತು ಇಷ್ಟು. ನನಗೆ ಕೇಳಿದರೆ, ದೆಹಲಿಯ ವಸಂತದ ನಿಜವಾದ ಚೆಂದ ಹೂವಲ್ಲಿಲ್ಲ, ಚಿಗುರಲ್ಲಿದೆ. ಹೊಸಬರಿಗೆ ಇದು ಗೊಂದಲ. ಮಾರ್ಚ್‌ನಲ್ಲಿ ರಸ್ತೆ ತುಂಬ ಒಣಗಿದ ಎಲೆ, ಗುಡಿಸಿ ಗುಡ್ಡೆ ಹಾಕಿರ್ತಾರೆ, ‘ಇದೇನು ಶಿಶಿರವೋ ವಸಂತವೋ’ ಅನ್ನಿಸುತ್ತೆ. ಎರಡೂ ಹೌದು. ಬಸರಿ ಮರ ಎಲೆ ಉದುರಿಸಿ ಒಂದೆರಡು ವಾರದೊಳಗೆ ತಾಮ್ರದ ಬಣ್ಣದ ಚಿಗುರು ಹೊರಡಿಸುತ್ತೆ. ಅದು ಗುಲಾಬಿಗಂದು, ಆಮೇಲೆ ಎಳೆ ನಿಂಬೆ ಹಸಿರು, ಆಮೇಲೆ ಎಲ್ಲರ ಹಾಗೆ ಕಡು ಹಸಿರು. ಅರಳಿಯದ್ದೂ ಇದೇ ದಾರಿ. ಒಂದೇ ಸಾಲಿನಲ್ಲಿ ಒಂದು ಮರ ಬೋಳು, ಒಂದು ತಾಮ್ರ, ಒಂದು ಹಸಿರು ನಿಂತಿರುತ್ತೆ. ಬೆಳಿಗ್ಗೆ ಕ್ಯಾಬ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಇದು ತಪ್ಪಿಹೋಗುತ್ತೆ.

ಎಳೆ ಎಲೆ ಯಾಕೆ ಕೆಂಪು? ಅದರಲ್ಲಿ ಇನ್ನೂ ಹರಿತ್ತು ತುಂಬಿಲ್ಲ, ಆಂಥೋಸಯನಿನ್ ಅನ್ನೋ ಬಣ್ಣದ ವಸ್ತು ಇದೆ. ಎಳೆ ಅಂಗಾಂಶಕ್ಕೆ ಬಿಸಿಲಿನಿಂದ ಕಾವಲು ಅಂತ ಒಂದು ವಿವರಣೆ, ಎಲೆ ತಿನ್ನೋ ಹುಳುಗಳಿಂದ ಕಾವಲು ಅಂತ ಇನ್ನೊಂದು. ಸಸ್ಯಶಾಸ್ತ್ರಜ್ಞರು ಎರಡನ್ನೂ ಮುಂದಿಡ್ತಾರೆ. ಫೋಟೋ ತೆಗೆಯೋರಿಗೆ ಮುಖ್ಯ ಆಗೋದು ಅದರ ಪರಿಣಾಮ: ಎಳೆ ಎಲೆ ತೆಳ್ಳಗೆ, ಬೆಳಕು ಅದರೊಳಗಿಂದ ಹಾದು ಬರುತ್ತೆ. ಬಲಿತ ಎಲೆಯ ಮೇಲೆ ಬೆಳಕು ಬಿದ್ದು ಹೊಳೆಯುತ್ತೆ, ಎಳೆಯದರಲ್ಲಿ ಎಲೆಯೇ ದೀಪದ ಹಾಗೆ ಉರಿಯುತ್ತೆ. ಹಾಗಾಗಿ ಚಿಗುರಿಗೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬಾರದು, ಎಲೆಯ ಹಿಂದೆ ಇರಬೇಕು.

ಮರದ ನೆರಳಲ್ಲಿ ನಿಂತು, ಸೂರ್ಯನ ಕಡೆ ಮುಖ ಮಾಡಿ, ಸೂರ್ಯ ಒಂದು ದಪ್ಪ ಕೊಂಬೆಯ ಹಿಂದೆ ಅಡಗೋ ಹಾಗೆ ಒಂದೆರಡು ಹೆಜ್ಜೆ ಆಚೀಚೆ ಸರಿಯಿರಿ. ಎಡಗೈಯನ್ನು ಲೆನ್ಸ್ ಮೇಲೆ ಕೊಡೆ ಹಿಡಿದ ಹಾಗೆ ಹಿಡಿಯಿರಿ, ನೇರ ಬಿಸಿಲು ಗಾಜಿಗೆ ಬಡಿಯಬಾರದು. ಲೆನ್ಸ್ ಒರೆಸಿಕೊಳ್ಳಿ, ಜೇಬಿನ ಜಿಡ್ಡು ಹಿಂಬೆಳಕಿನಲ್ಲಿ ಕಾಣೋಷ್ಟು ಬೇರೆಲ್ಲೂ ಕಾಣಲ್ಲ. ಹಿಂದೆ ಕಪ್ಪಾಗಿರೋದು ಏನಾದರೂ ಬೇಕು, ನೆರಳಲ್ಲಿರೋ ಗೋಡೆ, ದೂರದ ಬಲಿತ ಮರ, ಗುಂಬದದ ಒಳಬಾಗಿಲು. ಎಲೆಗೇ ಬೆರಳಿಟ್ಟು ಬೆಳಕು ಹೊಂದಿಸಿ, ಹಿನ್ನೆಲೆ ಕಪ್ಪಾದರೆ ಆಗಲಿ ಬಿಡಿ.

ಇಲ್ಲಿ ಫೋನು ಇನ್ನೊಂದು ಚೇಷ್ಟೆ ಮಾಡುತ್ತೆ, ಅದು ವೈಟ್ ಬ್ಯಾಲೆನ್ಸ್. ಚೌಕಟ್ಟಿನ ತುಂಬ ತಾಮ್ರದ ಬಣ್ಣವೇ ಇದ್ದರೆ ಆಟೋ ಅನ್ನೋದು ‘ಬೆಳಕೇ ಕೆಂಪಗಿದೆ, ಸರಿ ಮಾಡ್ತೀನಿ’ ಅಂತ ನೀಲಿ ಬೆರೆಸುತ್ತೆ. ಬಸರಿಯ ತಾಮ್ರ ಹೋಗಿ ಕೊಳೆ ಕಂದು ಬರುತ್ತೆ. ಪ್ರೊ ಮೋಡ್‌ಗೆ ಹೋಗಿ ಡೇಲೈಟ್, ಅಂದ್ರೆ 5200ರಿಂದ 5500 ಕೆಲ್ವಿನ್‌ಗೆ ಕಟ್ಟಿಹಾಕಿ. ಐಫೋನಿನ ಮೂಲ ಆ್ಯಪ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಬೇರೆ ಕ್ಯಾಮೆರಾ ಆ್ಯಪ್ ಹಾಕ್ಕೊಳ್ಳಿ, ಅಥವಾ ಆಮೇಲೆ ಎಡಿಟ್‌ನಲ್ಲಿ ವಾರ್ಮ್ತ್ ಸ್ವಲ್ಪ ಏರಿಸಿ.

ಅರಳಿ ಎಲೆ ಗಾಳಿಯಿಲ್ಲದಾಗಲೂ ನಡುಗುತ್ತೆ ಅಂತ ನಮ್ಮ ಅಜ್ಜಿಯರು ಹೇಳ್ತಿದ್ದರಲ್ಲ, ಉದ್ದ ತೊಟ್ಟು, ತುದಿಗೆ ಬಾಲ, ಸಣ್ಣ ಉಸಿರಿಗೂ ಅಲ್ಲಾಡುತ್ತೆ. ಈಗಿನ ಫೋನುಗಳಿಗೆ ಇದೇ ಪರೀಕ್ಷೆ. ಫೋನು ಒಂದು ಫೋಟೋ ತೆಗೆಯಲ್ಲ. ನೀವು ಬಟನ್ ಒತ್ತಿದಾಗ ಕಡಿಮೆ ಬೆಳಕಿನ ಹಲವು ಫ್ರೇಮ್ ತೆಗೆದು, ಒಂದರ ಮೇಲೊಂದು ಕೂರಿಸಿ, ಬೆರೆಸಿ ಒಂದು ಮಾಡುತ್ತೆ. ಗೂಗಲ್‌ನವರು ತಮ್ಮ ಎಚ್‌ಡಿಆರ್ ಪ್ಲಸ್ ವಿಧಾನವನ್ನು 2016ರಲ್ಲಿ ಪ್ರಬಂಧವಾಗಿಯೇ ಪ್ರಕಟಿಸಿದ್ದಾರೆ, ಓದೋಕೆ ಚೆನ್ನಾಗಿದೆ. ಗುಂಬದ ಅಲ್ಲಾಡಲ್ಲ, ಹಾಗಾಗಿ ಎಲ್ಲ ಫ್ರೇಮ್ ಸೇರಿ ಸ್ವಚ್ಛವಾಗುತ್ತೆ. ಎಲೆ ಪ್ರತಿ ಫ್ರೇಮ್‌ನಲ್ಲೂ ಬೇರೆ ಕಡೆ ಇರುತ್ತೆ. ತಂತ್ರಾಂಶ ಹುಷಾರಾಗಿದ್ದರೆ ಆ ಜಾಗದಲ್ಲಿ ಬೆರೆಸೋದು ಬಿಡುತ್ತೆ, ಆಗ ಅಲ್ಲಿ ಕಾಳು ಕಾಳಾಗಿ ಉಳಿಯುತ್ತೆ. ಹುಷಾರಿಲ್ಲದಿದ್ದರೆ ಎಲೆಗೆ ಎರಡು ಅಂಚು. ಎರಡಕ್ಕೂ ಔಷಧ ಒಂದೇ, ಬೆಳಕು ಚೆನ್ನಾಗಿರೋ ಹೊತ್ತು ಮತ್ತು ಶಟರ್ ಸೆಕೆಂಡಿನ 500ರಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ವೇಗ. ಮತ್ತೆ ಗಾಳಿ ಬೀಸಿ ನಿಂತಾಗ ಒಂದು ಕ್ಷಣ ಎಲೆ ಸುಮ್ಮನಾಗುತ್ತೆ, ಅದಕ್ಕೆ ಕಾಯಬೇಕು. ಪೋರ್ಟ್ರೇಟ್ ಮೋಡ್ ಮಾತ್ರ ಬೇಡವೇ ಬೇಡ. ಅದು ಮುಖ, ತಲೆಗೂದಲಿನ ಅಂಚು ಗುರುತಿಸೋಕೆ ಕಲಿತದ್ದು. ಕೊಂಬೆಗಳ ನಡುವಿನ ಸಂದು, ಅರಳಿ ಎಲೆಯ ಬಾಲ ಅದಕ್ಕೆ ಅರ್ಥ ಆಗಲ್ಲ, ಬಾಲ ಕತ್ತರಿಸಿಬಿಡುತ್ತೆ. ಹಿನ್ನೆಲೆ ಮಸುಕಾಗಬೇಕು ಅಂದ್ರೆ ಟೆಲಿ ಲೆನ್ಸ್ ಹಾಕಿ, ಹಿನ್ನೆಲೆ ದೂರ ಇರೋ ಎಲೆಯನ್ನೇ ಹುಡುಕಿ.

ಯುಗಾದಿಗೆ ಬೇವಿನ ಹೂ ಹುಡುಕೋರಿಗೆ ಒಂದು ವಿಷಯ. ದೆಹಲಿಯ ಬೇವು ನಮ್ಮೂರಿನ ಬೇವಿನಷ್ಟು ಬೇಗ ಹೂ ಬಿಡಲ್ಲ. ಯುಗಾದಿ ಹೊತ್ತಿಗೆ ಇಲ್ಲಿ ಅದು ಎಲೆ ಉದುರಿಸಿ, ಕೆಂಪು ಛಾಯೆಯ ಚಿಗುರಿನಲ್ಲಿರುತ್ತೆ. ಹೂ ನೋಡಬೇಕಾದರೆ ಏಪ್ರಿಲ್ ಅರ್ಧ ಕಳೆಯೋವರೆಗೆ ಕಾಯಬೇಕು. ಹಾಗಾಗಿ ಇಲ್ಲಿನ ಕನ್ನಡಿಗರ ಮನೆಯ ಬೇವು-ಬೆಲ್ಲದಲ್ಲಿ ಹೆಚ್ಚಾಗಿ ಎಳೆ ಎಲೆಯೇ. ಅದರ ಫೋಟೋ ತಟ್ಟೆಯಲ್ಲಿಟ್ಟು ತೆಗೆಯೋದಕ್ಕಿಂತ ಮರದ ಮೇಲೆ, ಹಿಂಬೆಳಕಿನಲ್ಲಿ ತೆಗೆದು ನೋಡಿ.

ಈಗ ತೆಗೆದ ಫೋಟೋ ಊರಿಗೆ ಕಳಿಸೋ ಮಾತು. ಎಲ್ಲ ಸರಿಯಾಗಿ ತೆಗೆದು ಕೊನೆಗೆ ಫ್ಯಾಮಿಲಿ ಗ್ರೂಪ್‌ನಲ್ಲಿ ಕೆಡುತ್ತೆ. ವಾಟ್ಸ್‌ಆ್ಯಪ್ ಫೋಟೋವನ್ನು ಚಿಕ್ಕದು ಮಾಡಿ ಮತ್ತೆ ಜೆಪೆಗ್ ಮಾಡುತ್ತೆ. ಜೆಪೆಗ್‌ನ ಸಾಮಾನ್ಯ ರೂಢಿ ಏನಂದ್ರೆ ಪ್ರಕಾಶದ ವಿವರ ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಉದ್ದಕ್ಕೂ ಅಗಲಕ್ಕೂ ಅರ್ಧ ಮಾಡೋದು, ಒಟ್ಟು ಕಾಲು ಭಾಗ. ಮುಖಕ್ಕೆ, ಕಟ್ಟಡಕ್ಕೆ ಇದು ಗೊತ್ತೇ ಆಗಲ್ಲ. ಕೆಂಪು ಹೂವಿನಲ್ಲಿ ಪ್ರಕಾಶ ಕಡಿಮೆ, ಇರೋದೆಲ್ಲ ಬಣ್ಣವೇ. ಆದ್ದರಿಂದ ಎಸಳಿನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತೆ. ಒಂದೆರಡು ಒಳ್ಳೆಯ ಫೋಟೋವನ್ನಾದರೂ ಡಾಕ್ಯುಮೆಂಟ್ ಆಗಿ ಕಳಿಸಿ. ಮೇಲೆ ಹೇಳಿದ ಹುಬ್ಬಳ್ಳಿ ಹುಡುಗ ಈ ವರ್ಷ ಹಾಗೇ ಕಳಿಸಿದ, ನೆಲಕ್ಕೆ ಬಿದ್ದ ಹೂವಿನದ್ದು. ‘ಬೂರಲ ಹೂವು! ದಿಲ್ಯಾಗೂ ಅದಾವೇನು?’ ಅಂದರಂತೆ ಅವರಮ್ಮ, ಆಮೇಲೆ ಅರ್ಧ ಗಂಟೆ ತಮ್ಮ ತವರುಮನೆ ಹಿತ್ತಲಿನ ಮರದ ಕತೆ.

ಡಾಕ್ಯುಮೆಂಟ್ ಆಗಿ ಕಳಿಸಿದರೆ ಇನ್ನೊಂದು ಲಾಭ ಇದೆ. ಫೋಟೋ ಫೈಲಿನೊಳಗೆ ದಿನಾಂಕ, ಸಮಯ, ಜಾಗ ಬರೆದಿರುತ್ತೆ. ಮಾಮೂಲಿ ಫೋಟೋ ಆಗಿ ಕಳಿಸಿದಾಗ ವಾಟ್ಸ್‌ಆ್ಯಪ್ ಅದನ್ನು ಅಳಿಸಿಬಿಡುತ್ತೆ. ಯಾರ್‍ಯಾರಿಗೋ ಕಳಿಸುವಾಗ ಅಳಿಸೋದೇ ಒಳ್ಳೆಯದು, ಮನೆ ಜಾಗ ಎಲ್ಲರಿಗೂ ಯಾಕೆ ಗೊತ್ತಾಗಬೇಕು? ಆದರೆ ನಿಮ್ಮ ಹತ್ತಿರದ ಮೂಲ ಫೈಲಲ್ಲಿ ಅದು ಇರಲೇಬೇಕು. ಕಾರಣ ಹೇಳ್ತೀನಿ.

ನಿಮ್ಮ ಕಾಲೋನಿಯ ಒಂದು ಮರ ಆರಿಸಿಕೊಳ್ಳಿ. ಪ್ರತಿ ಶನಿವಾರ ಅದೇ ಜಾಗದಲ್ಲಿ ನಿಂತು ಒಂದು ಫೋಟೋ. ಚೆನ್ನಾಗಿ ಬರಬೇಕಂತಿಲ್ಲ. ಮೊದಲ ಹೂ ಯಾವತ್ತು, ಕೊನೆಯ ಎಲೆ ಯಾವತ್ತು, ಚಿಗುರು ಯಾವತ್ತು ಅಂತ ಮೂರ್ನಾಲ್ಕು ವರ್ಷದ ಫೋಟೋ ಪಕ್ಕಪಕ್ಕ ಇಟ್ಟರೆ ತಾನೇ ಕಾಣುತ್ತೆ. 2022, 2023ರಂಥ ವರ್ಷ ಬಂದಾಗ ‘ಈ ಸಲ ಬೇಗ ಬಿಟ್ಟಿತು’ ಅನ್ನೋ ಅಂದಾಜಿನ ಬದಲು ತಾರೀಖೇ ಕೈಯಲ್ಲಿರುತ್ತೆ. ದೇಶದಾದ್ಯಂತ ಜನರಿಂದ ಇದೇ ಮಾಹಿತಿ ಸೇರಿಸೋ ಸೀಸನ್‌ವಾಚ್ ಅನ್ನೋ ಯೋಜನೆ ಇದೆ, ಆ್ಯಪ್ ಕೂಡ ಇದೆ. ವಾರಕ್ಕೆ ಎರಡು ನಿಮಿಷದ ಕೆಲಸ. ಮರ ನಿಮ್ಮ ಹೆಸರಿಗೆ ನೋಂದಾಯಿಸಿಕೊಂಡು, ಹೂವು, ಕಾಯಿ, ಎಲೆ ಎಷ್ಟಿದೆ ಅಂತ ತುಂಬಿದರೆ ಆಯ್ತು.

ಇನ್ನೊಂದು ಕಾರಣ ಅಷ್ಟು ಹಿತವಾದದ್ದಲ್ಲ. 2018ರಲ್ಲಿ ದಕ್ಷಿಣ ದೆಹಲಿಯ ಸರ್ಕಾರಿ ಕಾಲೋನಿಗಳ ಮರುನಿರ್ಮಾಣಕ್ಕೆ ಸಾವಿರಾರು ಮರ ಕಡಿಯೋ ಯೋಜನೆ ಹೊರಬಿದ್ದಾಗ ಜನ ಬೀದಿಗಿಳಿದು ಮರ ಅಪ್ಪಿಕೊಂಡು ನಿಂತರು, ವಿಷಯ ಹೈಕೋರ್ಟ್‌ಗೆ ಹೋಗಿ ತಡೆ ಬಂತು. ದೆಹಲಿಯಲ್ಲಿ ಮರ ಕಡಿಯೋಕೆ 1994ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅನುಮತಿ ಇತ್ತೋ ಇಲ್ಲವೋ ಅನ್ನೋ ಪ್ರಶ್ನೆ ಬರೋ ಹೊತ್ತಿಗೆ ಎಷ್ಟೋ ಸಲ ಮರವೇ ಇರಲ್ಲ, ಬುಡದ ಮೇಲೆ ಕಾಂಕ್ರೀಟ್ ಬಿದ್ದಿರುತ್ತೆ. ‘ಇಲ್ಲಿ ಮರ ಇತ್ತು’ ಅಂತ ಹೇಳೋಕೆ ಬಾಡಿಗೆಗೆ ಇರೋ ನಮ್ಮ ಹತ್ತಿರ ಮನೆ ಪತ್ರ ಇಲ್ಲ, ಓಟು ಊರಲ್ಲಿ. ತಾರೀಖು, ಜಾಗ ಇರೋ ಫೋಟೋ ಒಂದಿರುತ್ತೆ. ಬುಡ ಸಮೇತ ಪೂರ್ತಿ ಮರ, ಪಕ್ಕದಲ್ಲಿ ಗುರುತಿಗೆ ಒಂದು ಗೇಟೋ ಲೈಟ್ ಕಂಬವೋ ಕಾಣೋ ಹಾಗೆ ವರ್ಷಕ್ಕೊಂದು ತೆಗೆದಿಡಿ. ಹೂವಿನ ಕ್ಲೋಸಪ್ ಈ ಕೆಲಸಕ್ಕೆ ಬರಲ್ಲ.

ಬೇರೆ ಊರುಗಳವರು ‘ದೆಹಲಿಯದ್ದೇ ಹೇಳ್ತೀರಿ’ ಅಂತ ಬೈಬೇಡಿ. ಮುಂಬೈಯವರಿಗೆ ವಿಕ್ರೋಲಿ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಪಕ್ಕದ ಗುಲಾಬಿ ಟಬೆಬುಯಾ ಇದೆ, ಅಲ್ಲಿ ಅದನ್ನು ಬಸಂತ್ ರಾಣಿ ಅಂತಾರೆ. ಗುಲಾಬಿಯಲ್ಲಿ ಬಣ್ಣ ತಿಳಿ, ಹಾಗಾಗಿ ಬೆಳಕು ತುಂಬಾ ಇಳಿಸಬೇಡಿ, ಕೊಳೆಯಾಗಿ ಕಾಣುತ್ತೆ. ಪುಣೆಯವರು ಊರಾಚೆ ಗುಡ್ಡಗಳಿಗೆ ಹೋದರೆ ಮುತ್ತುಗ ಸಿಗುತ್ತೆ, ಅದಕ್ಕೆ ಬೂರುಗದ ಲೆಕ್ಕವೇ. ಚೆನ್ನೈಯವರು ಹೊಂಗೆಯ ಹೊಸ ಎಲೆ ನೋಡಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ಆ ಹೊಳಪು ಹೆಚ್ಚಾಗಿ ಹಸಿರು ಬಿಳಿಚಿಕೊಂಡರೆ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿ, ಅದಿಲ್ಲದಿದ್ದರೆ ಪೋಲರೈಸ್ಡ್ ತಂಪು ಕನ್ನಡಕದ ಒಂದು ಗಾಜನ್ನು ಫೋನ್ ಲೆನ್ಸ್ ಮುಂದೆ ಹಿಡಿದು ತಿರುಗಿಸಿದರೂ ನಡೆಯುತ್ತೆ.

ದೆಹಲಿಯವರಿಗೆ ಕೊನೆಯದಾಗಿ ಒಂದು ಜಾಗ: ಸುಂದರ್ ನರ್ಸರಿ. ಹುಮಾಯೂನ್ ಸಮಾಧಿ ಪಕ್ಕದಲ್ಲೇ, ಆಗಾ ಖಾನ್ ಟ್ರಸ್ಟ್ ಸರಿಪಡಿಸಿದ ಮೇಲೆ 2018ರಲ್ಲಿ ತೆರೆದದ್ದು, 300ಕ್ಕೂ ಹೆಚ್ಚು ಜಾತಿಯ ಮರಗಳಿವೆ, ಟಿಕೆಟ್ ಇದೆ. ಹೆಸರು ಗೊತ್ತಿಲ್ಲದ ಮರಗಳನ್ನು ಕಲಿಯೋಕೆ ಒಳ್ಳೆಯ ಜಾಗ. ಲೋಧಿಯಲ್ಲಿ ಬೆಳಗಿನ ಬೆಳಕು ಮುಗಿಸಿಕೊಂಡು ಅಲ್ಲಿಗೆ ಹೋದರೆ ಹತ್ತು ಗಂಟೆಯೊಳಗೆ ಎರಡೂ ಆಗುತ್ತೆ. ಆಮೇಲೆ ಬಿಸಿಲು ನೆತ್ತಿಗೆ ಬರುತ್ತೆ, ಫೋನು ಜೇಬಿಗೆ ಹಾಕಿ ತಿಂಡಿ ಹುಡುಕಿ.